ಮೈಕಿನಲ್ಲಿ ಹೇಳಿದ ಹೆಸರು

'ಪಾಲಕರಿಗೆ ತಿಳಿಸಲಾಗಿದೆ.' ಇಷ್ಟು ವರ್ಷಗಳ ನೌಕರಿಯಲ್ಲಿ ನಾನು ಅತಿ ಹೆಚ್ಚು ಸಲ ಬರೆದ ವಾಕ್ಯ ಯಾವುದು ಎಂದು ಯಾರಾದರೂ ಕೇಳಿದರೆ ಇದನ್ನೇ ಹೇಳುತ್ತೇನೆ. ಚಿತ್ತಾಪುರದ ಶಿಕ್ಷಣ ಕಚೇರಿಯಿಂದ ಸುತ್ತೋಲೆ ಬರುತ್ತದೆ. ಅದರ ಕೊನೆಗೆ ಈ ವಿಷಯವನ್ನು ಕೂಡಲೇ ಪಾಲಕರ ಗಮನಕ್ಕೆ ತಂದು ವರದಿ ಸಲ್ಲಿಸತಕ್ಕದ್ದು ಎಂದಿರುತ್ತದೆ. ವರದಿ ನಾವು ತಪ್ಪದೇ ಸಲ್ಲಿಸುತ್ತೇವೆ, ಫೋಟೋ ಸಮೇತ. ಪಾಲಕರ ಗಮನ ಎಂಬುದು ಆ ಹೊತ್ತಿಗೆ ಎಲ್ಲಿರುತ್ತದೆ ಎಂದು ಕಚೇರಿಯವರೂ ಕೇಳುವುದಿಲ್ಲ, ನಾವೂ ಕೇಳಿಕೊಳ್ಳುವುದಿಲ್ಲ.

ನಾನು ಇರುವುದು ಶಹಾಬಾದದಲ್ಲಿ. ಕಲಿಸುವುದು ವಾಡಿ ಮತ್ತು ಚಿತ್ತಾಪುರದ ನಡುವಿನ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ. ಬೆಳಿಗ್ಗೆ ರೈಲು ಹಿಡಿದು ವಾಡಿಗೆ ಇಳಿದು, ಅಲ್ಲಿಂದ ಟಂಟಂ ರಿಕ್ಷಾದಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತು ಊರು ಸೇರುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತದೆ. ಮೊದಲೇ ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಮಕ್ಕಳಿಗೂ ಅದು ಗೊತ್ತು, ಮುಖ್ಯಗುರುಗಳಿಗೂ ಗೊತ್ತು. ಮುಖ್ಯಗುರುಗಳು ಒಳ್ಳೆಯ ಮನುಷ್ಯ. ಆದರೆ ಕಚೇರಿಯ ಫೋನು ಬಂದರೆ ಕುರ್ಚಿಯಿಂದ ಎದ್ದು ನಿಂತು ಮಾತಾಡುವಷ್ಟು ಹೆದರಿಕೆ ಅವರಿಗೆ.

ನಾನು ಹುಟ್ಟಿ ಬೆಳೆದದ್ದು ಚಿಂಚೋಳಿ ಕಡೆ. ನಾನು ಶಾಲೆಗೆ ಹೋಗುವಾಗ ಮಾಸ್ತರು ಪಾಲಕರಿಗೆ ಏನಾದರೂ ಹೇಳಬೇಕಿದ್ದರೆ ಸಂಜೆ ಮನೆಗೇ ಬಂದು ಕಟ್ಟೆಯ ಮೇಲೆ ಕೂಡುತ್ತಿದ್ದರು. ಅವ್ವ ಚಹಾ ಮಾಡುತ್ತಿದ್ದಳು. ಮಳೆ, ಬೆಳೆ, ಎತ್ತಿನ ಕಾಲುನೋವು ಎಲ್ಲ ಮುಗಿದ ಮೇಲೆ, ಕಪ್ಪು ಕೆಳಗಿಡುತ್ತ, "ಗಣಿತದಾಗ ಜರ ಹಿಂದ ಬಿದ್ದಾಳ," ಎನ್ನುತ್ತಿದ್ದರು. ನಾನು ಬಾಗಿಲ ಹಿಂದೆ ನಿಂತು ಬೆವರುತ್ತಿದ್ದೆ. ಅವ್ವ ಅಕ್ಷರ ಬಲ್ಲವಳಲ್ಲ. ಆದರೂ ಆಕೆಗೆ ತಿಳಿಯದೇ ಉಳಿದ ವಿಷಯ ಒಂದೂ ಇರಲಿಲ್ಲ.

ಈಗ ನಮ್ಮ ಶಾಲೆಗೆ ವಾಟ್ಸಾಪ್ ಗ್ರೂಪ್ ಇದೆ. ನಾನೇ ಮಾಡಿದ್ದು, ಅದರ ಹೊಣೆಯೂ ನನ್ನದೇ. ಅದರಲ್ಲಿರುವವರೆಲ್ಲ ತಂದೆಯರು, ಯಾಕೆಂದರೆ ಮನೆಗೊಂದೇ ಒಳ್ಳೆಯ ಫೋನು ಮತ್ತು ಅದು ಇರುವುದು ಗಂಡಸರ ಕಿಸೆಯಲ್ಲಿ. ಆ ಗಂಡಸರಲ್ಲಿ ಬಹಳ ಮಂದಿ ಸಿಮೆಂಟ್ ಕಾರ್ಖಾನೆಗೆ ಪಾಳಿಯ ಮೇಲೆ ಹೋಗುವವರು. ಒಳಗೆ ಹೋಗುವ ಮುನ್ನ ಫೋನನ್ನು ಗೇಟಿನಲ್ಲಿ ಇಟ್ಟು ಹೋಗಬೇಕು. ಹೀಗಾಗಿ ನಾನು ಬೆಳಿಗ್ಗೆ ಕಳಿಸಿದ ಸೂಚನೆ ಗೇಟಿನ ಪೆಟ್ಟಿಗೆಯಲ್ಲಿ ಸಂಜೆಯವರೆಗೆ ಗುಣುಗುಟ್ಟುತ್ತ ಬಿದ್ದಿರುತ್ತದೆ. ಸಂಜೆ ಒಂದರ ಹಿಂದೊಂದು ಹೆಬ್ಬೆಟ್ಟಿನ ಚಿತ್ರಗಳು ಬರುತ್ತವೆ. ಹಿಂದಿನವರು ಮಸಿ ಹಚ್ಚಿ ಒತ್ತುತ್ತಿದ್ದರು, ಈಗಿನವರು ಹಾಗೇ ಒತ್ತುತ್ತಾರೆ. ಆ ಹೆಬ್ಬೆಟ್ಟು ಕಂಡ ಕೂಡಲೇ ನಾನು ದಾಖಲೆಯಲ್ಲಿ ಬರೆಯುತ್ತಿದ್ದೆ: ಪಾಲಕರಿಗೆ ತಿಳಿಸಲಾಗಿದೆ.

ಆ ವರ್ಷ ಹತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಬಾಯಿ ಸುಮ್ಮನೆ, ಕೈ ಚುರುಕು. ಬೋರ್ಡಿನ ಮೇಲೆ ಲೆಕ್ಕ ಬರೆದು ತಿರುಗುವಷ್ಟರಲ್ಲಿ ಆಕೆಯ ವಹಿಯಲ್ಲಿ ಉತ್ತರ ಇರುತ್ತಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಟೈಫಾಯ್ಡ್ ಹಿಡಿದು ಮಲಗಿದಳು. ಒಂದು ಸಲ ಎದ್ದಳು, ಮತ್ತೆ ಮಲಗಿದಳು. ಹಾಜರಿ ಕಡಿಮೆಯಾಯಿತು. ಹಾಜರಿ ಕಡಿಮೆಯಾದವರ ಹೆಸರು ಪರೀಕ್ಷೆಗೆ ಹೋಗಬೇಕೆಂದರೆ ತಂದೆ ಅಥವಾ ತಾಯಿ ಸಹಿ ಮಾಡಿದ ಅರ್ಜಿ, ಜೊತೆಗೆ ಡಾಕ್ಟರ ಚೀಟಿ ಬೇಕು. ಅದು ಕಚೇರಿಗೆ ಮುಟ್ಟದಿದ್ದರೆ ಹೆಸರು ಕಳಚಿ ಬೀಳುತ್ತದೆ. ಒಂದು ವರ್ಷ ಕಳೆದುಕೊಂಡ ಹುಡುಗಿಯನ್ನು ಮರುವರ್ಷ ಶಾಲೆಗೆ ಕರೆತಂದ ಉದಾಹರಣೆ ನಮ್ಮ ಊರಿನಲ್ಲಿ ಕಡಿಮೆ. ಮದುವೆಯ ಮಾತು ಬರುತ್ತದೆ, ಇಲ್ಲವೇ ಕೈಯಲ್ಲಿ ಕುಡುಗೋಲು ಬರುತ್ತದೆ.

ನಾನು ಮೂರು ವಾರದಲ್ಲಿ ಮೂರು ಸಲ ಗ್ರೂಪಿಗೆ ಸೂಚನೆ ಹಾಕಿದೆ, ಹುಡುಗಿಯ ಹೆಸರನ್ನೂ ಬರೆದು. ಮೂರು ಸಲವೂ ಆಕೆಯ ತಂದೆಯ ಹೆಬ್ಬೆಟ್ಟು ಬಂತು. ಅರ್ಜಿ ಮಾತ್ರ ಬರಲಿಲ್ಲ. ನನಗೆ ಸಿಟ್ಟು ಬಂತು. 'ಇವರಿಗೇ ಇಲ್ಲದ ಕಾಳಜಿ ನನಗ್ಯಾಕೆ' ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕೇಳುವಂತೆ ಅಂದೆ. ಆ ಮನೆ ಶಾಲೆಯಿಂದ ಹತ್ತು ನಿಮಿಷದ ದಾರಿ. ಮೂರು ವಾರದಲ್ಲಿ ಒಂದು ಸಲವೂ ನಾನು ಅಲ್ಲಿಗೆ ನಡೆದು ಹೋಗಲಿಲ್ಲ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಅರ್ಜಿ ಕಳಿಸುವ ಕೊನೆಯ ದಿನ ಬಂತು. ಮಧ್ಯಾಹ್ನ ಒಂದೂವರೆಯ ಸುಮಾರಿಗೆ ಕಚೇರಿಯಿಂದ ಫೋನ್. ಮುಖ್ಯಗುರುಗಳು ಎದ್ದು ನಿಂತು ಮಾತಾಡಿ, ನನ್ನ ಕಡೆ ತಿರುಗಿದರು.

"ನಾಲ್ಕು ಗಂಟೆಗಿ ಯಾದಿ ಬಂದ್ ಮಾಡ್ತಾರಂತ. ಆ ಹುಡುಗಿ ಅರ್ಜಿ ಬಂತೇನ್ರಿ?"

"ಇಲ್ರಿ ಸರ್."

"ಹಂಗಾರ ಹೆಸರು ಹೋಗ್ತದಲ್ರಿ," ಎಂದು ಕುಳಿತರು.

ತಂದೆಗೆ ಫೋನ್ ಮಾಡಿದೆ. ಬೆಲ್ ಆಗಿ ಆಗಿ ನಿಂತಿತು. ಮತ್ತೆ ಮಾಡಿದೆ. ಫೋನು ಗೇಟಿನಲ್ಲಿದೆ, ಮನುಷ್ಯ ಒಳಗಿದ್ದಾನೆ ಎಂಬುದು ನೆನಪಾಗಿ ನನ್ನ ಮೇಲೇ ರೇಗಿತು. ಅಂದು ಮೊದಲ ಬಾರಿ ಆ ಮನೆಗೆ ನಡೆದು ಹೋದೆ. ಪರಸಿ ಕಲ್ಲು ಹೊದೆಸಿದ ಎರಡು ಖೋಲಿಯ ಮನೆ. ಬಾಗಿಲಿಗೆ ಕೀಲಿ. ಪಕ್ಕದ ಮನೆಯಲ್ಲಿ ಬಾಣಂತಿಯೊಬ್ಬಳು ಬಿಟ್ಟರೆ ಯಾರೂ ಇರಲಿಲ್ಲ.

"ಅಕಿ ಅವ್ವ ತೊಗರಿ ಕೊಯ್ಯಾಕ ಹೋಗ್ಯಾಳ್ರಿ. ಯಾರ ಹೊಲಕ್ಕಂತ ಗೊತ್ತಿಲ್ಲ. ದಿನಾ ಒಂದು ಹೊಲ," ಎಂದಳು ಆಕೆ. ಹುಡುಗಿ ಎಲ್ಲಿ, ಆಕೆಯ ಅಜ್ಜಿ ಎಲ್ಲಿ ಎಂದರೆ, "ಮುಂಜಾನಿಂದ ಕಂಡಿಲ್ರಿ," ಎಂದಳು.

ತೊಗರಿ ಕೊಯ್ಲಿನ ದಿನಗಳಲ್ಲಿ ನಮ್ಮ ಕಡೆಯ ಹಳ್ಳಿ ನೋಡಿದವರಿಗೆ ಗೊತ್ತು. ನಡು ಮಧ್ಯಾಹ್ನ ಓಣಿಯಲ್ಲಿ ನಾಯಿಯೂ ಇರುವುದಿಲ್ಲ. ಸುತ್ತ ನಾಲ್ಕೂ ದಿಕ್ಕಿಗೆ ಹೊಲ, ಎಲ್ಲಿ ಹುಡುಕುವುದು? ಮರಳಿ ಬರುವಾಗ ಹನುಮಪ್ಪನ ಗುಡಿಯ ಮೇಲೆ ಕಟ್ಟಿದ ಮೈಕು ಕಂಡಿತು. ನಾಲ್ಕು ಬಾಯಿ, ನಾಲ್ಕು ದಿಕ್ಕಿಗೆ. ಇದು ಮೊದಲೇ ಹೊಳೆಯಬಾರದಿತ್ತೇ ಎಂದುಕೊಂಡೆ.

ಶಹಾಬಾದದಲ್ಲಿ ಮೈಕು ಎಂದರೆ ನಿತ್ಯದ ಮಾತು. ನಳ ಬಿಡುವುದು, ಲಸಿಕೆ ಹಾಕುವುದು, ಕಸದ ಗಾಡಿ ಬರುವುದು ಎಲ್ಲ ಮೈಕಿನಲ್ಲೇ. ಈ ಊರಿನ ಗುಡಿಯ ಮೈಕನ್ನು ಬೆಳಗಿನ ಪೂಜೆಯ ಹೊತ್ತಿಗೆ ಹಚ್ಚುತ್ತಾರೆ ಎಂದಷ್ಟೇ ನನಗೆ ಗೊತ್ತಿತ್ತು. ಪೂಜಾರಿ ಮುದುಕ ಕಟ್ಟೆಯ ಮೇಲೆ ಬತ್ತಿ ಹೊಸೆಯುತ್ತಿದ್ದ. ಮೈಕು ಬೇಕೆಂದಾಗ ಕೈ ನಿಲ್ಲಿಸಿದ.

"ಯಾರು ಹೋಗ್ಯಾರ್ರಿ?"

"ಯಾರೂ ಹೋಗಿಲ್ಲಪ್ಪ. ಸಾಲಿ ಕೆಲಸ ಅದ. ಜರ ಜಲ್ದಿ ಹಚ್ಚಿಕೊಡು."

"ಈ ಹೊತ್ತಿನಾಗ ಹಚ್ಚಂಗಿಲ್ರಿ ಟೀಚರ್. ಮಂದಿ ಬ್ಯಾರೇನೇ ತಿಳಕೋತಾರ."

"ತಿಳಕೊಂಡ್ರ ತಿಳಕೊಳ್ಳಿ. ನಾಲ್ಕು ಗಂಟೆ ಆದ್ರ ಒಂದು ಹುಡುಗಿ ವರ್ಷ ಹಾಳಾಗ್ತದ. ಆಮ್ಯಾಲ ನೀ ಜವಾಬು ಕೊಡ್ತೀಯೇನು?"

ಮುದುಕ ಎದ್ದ. ಎದ್ದವನು ಕೀಲಿ ತೆಗೆಯುತ್ತ, "ಹಂಗಾರ ಮನಿ ಹೆಸರು ತಗೋಬ್ಯಾಡ್ರಿ. ಹತ್ತನೇ ಕ್ಲಾಸಿನ ಪಾಲಕರು ಬರ್ರಿ ಅಂತ ಹೇಳ್ರಿ, ಸಾಕು," ಎಂದ.

ಹಾಗೆ ಕರೆದರೆ ಒಂದು ನರಪಿಳ್ಳೆಯೂ ಬರುವುದಿಲ್ಲ ಎಂಬುದು ನನ್ನ ಇಷ್ಟು ವರ್ಷದ ಅನುಭವ. ಹೆಸರು ಹಿಡಿದು ಕರೆದರಷ್ಟೇ ಮನುಷ್ಯ ತಿರುಗಿ ನೋಡುತ್ತಾನೆ ಎಂದು ತರಗತಿಯಲ್ಲಿ ಕಲಿತವಳು ನಾನು. ಮೈಕು ಕೈಗೆ ತೆಗೆದುಕೊಂಡು ಮನೆತನದ ಹೆಸರು ಹೇಳಿದೆ. ತಂದೆಯ ಹೆಸರು ಹೇಳಿದೆ. ಹುಡುಗಿಯ ಹೆಸರು ಹೇಳಿದೆ. "ಇವರ ಮನೆಯವರು ಎಲ್ಲಿದ್ದರೂ ಈ ಕೂಡಲೇ ಶಾಲೆಯ ಹತ್ತಿರ ಬರಬೇಕು," ಎಂದೆ. ಕೇಳಿಸದವರಿಗೂ ಕೇಳಿಸಲಿ ಎಂದು ಮೂರು ಸಲ ಹೇಳಿದೆ, ನಿಧಾನವಾಗಿ, ಸ್ಪಷ್ಟವಾಗಿ. ಅರ್ಜಿಯ ಮಾತು, ಪರೀಕ್ಷೆಯ ಮಾತು ಒಂದೂ ಹೇಳಲಿಲ್ಲ. ಊರ ಮುಂದೆ ಆ ಹುಡುಗಿಯ ಹಾಜರಿ ಕೊರತೆ ಸಾರುವುದು ಬೇಡ ಎಂದು ನಾನು ಮಾಡಿದ ಮರ್ಯಾದೆ ಅದು.

ಹೊರಗೆ ಬಂದಾಗ ಕಿರಾಣಿ ಅಂಗಡಿಯವನು ಷಟರ್ ಅರ್ಧಕ್ಕೆ ಇಳಿಸುತ್ತಿದ್ದ. ಹೋಟೆಲಿನವನು ಚಹದ ಪಾತ್ರೆಯನ್ನು ಒಲೆಯಿಂದ ಕೆಳಗಿಟ್ಟ. ಖಾಲಿ ಇದ್ದ ಓಣಿಯಲ್ಲಿ ಎಲ್ಲಿಂದಲೋ ಮಂದಿ ಹೊರಬಿದ್ದರು. ಒಬ್ಬ ಮುದುಕಿ ನನ್ನನ್ನು ನೋಡಿ ಸೆರಗು ಬಾಯಿಗೆ ಅಡ್ಡ ಹಿಡಿದಳು. ನಾನು ಆಕೆಗೆ ನಕ್ಕು ಮುಂದೆ ಬಂದೆ. ನೋಡಿ, ಮೈಕಿನಲ್ಲಿ ಹೇಳಿದರೆ ಹೇಗೆ ಕೆಲಸವಾಗುತ್ತದೆ ಎಂಬ ಹೆಮ್ಮೆ ಬೇರೆ.

ಶಾಲೆಯ ಅಂಗಳಕ್ಕೆ ಬಂದು ಅರ್ಜಿಯ ಕಾಗದ, ಪೆನ್ನು ತೆಗೆದಿಟ್ಟುಕೊಂಡು ಕಟ್ಟೆಯ ಮೇಲೆ ನಿಂತೆ. ಹತ್ತು ಮಂದಿ ಬಂದರು. ಮೂವತ್ತು ಮಂದಿ ಬಂದರು. ಗಂಡಸರು ಟವೆಲ್ ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದಿದ್ದರು. ಒಬ್ಬಿಬ್ಬರು ಶಾಲೆಯ ಕಿಟಕಿಯಿಂದ ಒಳಗೆ ಹಣಿಕಿ ನೋಡಿದರು. ನನಗೆ ಏನೋ ಸರಿ ಇಲ್ಲ ಅನ್ನಿಸತೊಡಗಿದ್ದೇ ಆಗ. ಅಷ್ಟರಲ್ಲಿ ಕೆರೆಯ ಕಡೆಯ ದಾರಿಯಿಂದ ಹೆಂಗಸರ ಗುಂಪು ಓಡುತ್ತ ಬಂತು. ಮುಂದೆ ಒಬ್ಬಳು, ಬರಿಗಾಲು, ತಲೆಗೆ ಬಿಸಿಲಿಗೆ ಕಟ್ಟಿದ ಬಟ್ಟೆ ಬಿಚ್ಚಿ ಕೊರಳಿಗೆ ಬಿದ್ದಿತ್ತು. ಕೈಯಲ್ಲಿ ಕುಡುಗೋಲು ಹಾಗೇ ಇತ್ತು. ಹುಡುಗಿಯ ತಾಯಿ.

ಆಕೆ ನೆಟ್ಟಗೆ ನನ್ನ ಮುಂದೆ ಬಂದು ನಿಂತಳು. ಅಳುತ್ತಿರಲಿಲ್ಲ.

"ಎಲ್ಲಿ ಮಲಗಿಸೀರಿ ನನ್ನ ಮಗಳಿಗಿ?"

ನನಗೆ ಆ ಪ್ರಶ್ನೆ ತಲೆಗೆ ಹೋಗಲಿಲ್ಲ. "ಯಾರಿಗೆ? ಏನೂ ಆಗಿಲ್ಲಮ್ಮ, ಸಹಿ ಬೇಕಾಗಿತ್ತು," ಎಂದು ಕಾಗದ ಮುಂದೆ ಹಿಡಿದೆ. ಆಕೆ ಕಾಗದ ನೋಡಲಿಲ್ಲ. ನನ್ನನ್ನು ದಾಟಿ ಬಾಗಿಲೊಳಗೆ ಹೋಗಿ, ಒಂದು ಖೋಲಿ, ಇನ್ನೊಂದು ಖೋಲಿ, ಬಿಸಿಯೂಟದ ಖೋಲಿ ಎಲ್ಲ ನೋಡಿ ಹೊರಗೆ ಬಂದಳು.

ಪೂಜಾರಿ ಮುದುಕ ಗುಂಪಿನ ಹಿಂದಿನಿಂದ ನನ್ನ ಹತ್ತಿರ ಬಂದ. ಸಣ್ಣ ದನಿಯಲ್ಲಿ, ಬೈಯದೇ, ಹೇಳಿದ. ಈ ಊರಿನಲ್ಲಿ ಪೂಜೆ ಬಿಟ್ಟು ಬೇರೆ ಹೊತ್ತಿನಲ್ಲಿ ಮೈಕು ಹಚ್ಚುವುದು ಸಾವಿಗೆ ಮಾತ್ರ. ಮಸೀದಿಯ ಮೈಕಿಗೂ ಅದೇ ರಿವಾಜು. ಮೊದಲು ಮನೆತನದ ಹೆಸರು, ಆಮೇಲೆ ತಂದೆಯದೋ ಗಂಡನದೋ ಹೆಸರು, ಆಮೇಲೆ ತೀರಿಕೊಂಡವರ ಹೆಸರು, ಕೊನೆಗೆ ಎಲ್ಲಿದ್ದರೂ ಬರ್ರಿ ಎಂಬ ಮಾತು. 'ತೀರಿಕೊಂಡರು' ಎಂಬ ಮಾತನ್ನು ಮೈಕಿನಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾನು ಹೇಳಿದ್ದೆಲ್ಲ ಆ ಕ್ರಮದಲ್ಲೇ ಇತ್ತು. ಹೇಳದೇ ಬಿಟ್ಟದ್ದೂ ಸಹ.

ತಾಯಿಯ ಹತ್ತಿರ ಓಡಿದೆ. ಆಕೆಯನ್ನು ಹೆಂಗಸರು ಬೇವಿನ ಗಿಡದ ಕೆಳಗೆ ಹಿಡಿದು ಕೂರಿಸಿದ್ದರು.

"ಅಮ್ಮ, ನಿಮ್ಮ ಮಗಳಿಗೆ ಏನೂ ಆಗಿಲ್ಲ. ನಂದೇ ತಪ್ಪು. ಕುಂದ್ರಿ, ನೀರು ಕುಡೀರಿ."

ಆಕೆ ನನ್ನ ಕೈಯ ನೀರಿನ ಲೋಟ ನೋಡಿ ತಲೆ ಅಲ್ಲಾಡಿಸಿದಳು. "ಸುಳ್ಳು ಹೇಳಬ್ಯಾಡ್ರಿ ಟೀಚರ್. ನಮ್ಮಣ್ಣ ಹೋದಾಗನೂ ಹಿಂಗೇ ಅಂದಾರ. ಏನೂ ಆಗಿಲ್ಲ ಕುಂದ್ರು ಅಂದು ನೀರು ಕುಡಿಸ್ಯಾರ."

ನಾನು ಎಷ್ಟು ಹೇಳಿದರೂ ಅಷ್ಟು ಗಟ್ಟಿಯಾಯಿತು ಆಕೆಯ ನಂಬಿಕೆ. ನಮ್ಮ ಕಡೆ ಹೆತ್ತವಳಿಗೆ ಸಾವಿನ ಸುದ್ದಿಯನ್ನು ಯಾರೂ ಒಮ್ಮೆಲೇ ಹೇಳುವುದಿಲ್ಲ. ಏನೂ ಆಗಿಲ್ಲ ಎಂದೇ ಶುರು ಮಾಡುತ್ತಾರೆ. ನಾನು ಆಡುತ್ತಿದ್ದ ನಿಜ ಅದೇ ಮಾತು, ಅದೇ ದನಿ. ಸುತ್ತಲಿದ್ದ ಹೆಂಗಸರೂ ನನ್ನ ಮಾತು ನಂಬಲಿಲ್ಲ. ಮೆಲ್ಲಗೆ ಆಕೆಯ ಬೆನ್ನು ಸವರುತ್ತಿದ್ದರು.

"ಹುಡುಗಿ ಎಲ್ಲಿದ್ದಾಳೆ, ಅದನ್ನ ಹೇಳಿ," ಎಂದೆ.

"ಮುಂಜಾನಿ ಮತ್ತ ಮೈ ಸುಡಾಕತ್ತಿತ್ತು. ಮುದುಕಿ ಸಂಗಾಟ ವಾಡಿ ದವಾಖಾನಿಗಿ ಕಳಿಸಿದೆ. ನಾನೇ ಹೋಗಬೇಕಾಗಿತ್ತು. ಕೊಯ್ಲು ಇವತ್ತ ಮುಗೀತದಂತ ನಾ ಹೊಲಕ್ಕ ಹೋದೆ," ಎಂದಳು. ಆಮೇಲೆ ಅದನ್ನೇ ಮತ್ತೆ ಮತ್ತೆ ಹೇಳಿದಳು, "ನಾನೇ ಹೋಗಬೇಕಾಗಿತ್ತು, ನಾನೇ ಹೋಗಬೇಕಾಗಿತ್ತು."

ಆಗ ನನಗೆ ಅರ್ಥವಾಯಿತು. ವಾಡಿಯಿಂದ ಬರುವ ಟಂಟಂ ನಿಲ್ಲುವುದು ನಮ್ಮ ಶಾಲೆಯ ಮುಂದೆ. ದವಾಖಾನೆಯಿಂದ ತಂದವರನ್ನು ಇಳಿಸುವುದೂ ಅಲ್ಲೇ. ಜ್ವರ ಬಂದ ಮಗಳು, ಅಕಾಲದ ಮೈಕು, ಶಾಲೆಗೆ ಬಾ ಎಂಬ ಕರೆ. ಆ ತಾಯಿ ಬೇರೆ ಏನು ತಿಳಿಯಬೇಕಿತ್ತು? ಆಗ ನನಗೂ ಅನುಮಾನ ಬಂತು. ಹುಡುಗಿ ಚೆನ್ನಾಗಿದ್ದಾಳೆ ಎಂದು ನಾನು ಇಷ್ಟು ಹೊತ್ತು ಆಣೆ ಇಟ್ಟು ಹೇಳುತ್ತಿದ್ದೇನಲ್ಲ, ನನಗೇನು ಗೊತ್ತು? ಎರಡು ಸಲ ತಿರುಗಿ ಬಂದ ಜ್ವರ ಅದು. ಅಜ್ಜಿಯ ಹತ್ತಿರ ಫೋನಿಲ್ಲ. ನಾನು ಬಾಯಿ ಮುಚ್ಚಿಕೊಂಡೆ. ನಾನು ಮಾತು ನಿಲ್ಲಿಸಿದ್ದನ್ನು ಕಂಡು ಆಕೆ ಮೊದಲ ಸಲ ಗಟ್ಟಿಯಾಗಿ ಅತ್ತಳು.

ಮುಖ್ಯಗುರುಗಳು ಬಾಗಿಲಲ್ಲಿ ನಿಂತು ಗಡಿಯಾರ ತೋರಿಸಿದರು. ಮೂರು ದಾಟಿತ್ತು. ಒಬ್ಬ ಶಿಕ್ಷಕರನ್ನು ಮೋಟರ್‌ಸೈಕಲ್ ಮೇಲೆ ವಾಡಿಯ ಕಡೆ ಕಳಿಸಿದೆವು, ದಾರಿಯಲ್ಲಿ ಸಿಗುವ ಟಂಟಂ ಎಲ್ಲ ನೋಡುತ್ತ ಹೋಗಲಿ ಎಂದು. ಅವರು ಹೊರಟ ಮೇಲೆ ಕಿರಾಣಿ ಅಂಗಡಿಯವನು ಬಂದು, "ತಂದಿಗಿ ಖಬರ್ ಮುಟ್ಯದ್ರಿ, ಬರ್ಲಿಕತ್ಯಾನ," ಎಂದ.

"ಮುಟ್ಟಿತೇ? ಹೇಗೆ?"

"ಗೇಟಿನಾಗ ಇರೋನು ನಮ್ಮೂರ ಅಳಿಯ ಅದಾನ್ರಿ. ಮೈಕ್ ಕೇಳಿದ ಕೂಡಲೇ ಫೋನ್ ಮಾಡಿದೆ. ಒಳಗ ಹೋಗಿ ಕರಕೊಂಡು ಬಂದಾನ."

ಮೂರು ವಾರ ನನ್ನ ಮೂರು ಸೂಚನೆ ಆ ಗೇಟು ದಾಟಿರಲಿಲ್ಲ. ಇದು ಕಾಲು ಗಂಟೆಯಲ್ಲಿ ದಾಟಿತ್ತು. ಆ ದಾರಿ ನನಗೆ ಗೊತ್ತು. ಪರಸಿ ಹೇರಿದ ಲಾರಿ, ಸಿಮೆಂಟ್ ಲಾರಿ, ರಸ್ತೆಯ ಮೇಲೆ ಬಿಳಿ ಧೂಳು. ಮಗಳು ಹೋದಳು ಎಂದು ಕೇಳಿದ ಮನುಷ್ಯ ಯಾರದೋ ಗಾಡಿ ಹಿಡಿದು ಆ ದಾರಿಯಲ್ಲಿ ಬರುತ್ತಿದ್ದಾನೆ. ಫೋನ್ ಮಾಡಿದೆ. ಬೆಲ್ ಆಯಿತು, ಯಾರೂ ಎತ್ತಲಿಲ್ಲ. ಅಂಗಡಿಯವನು ಗೇಟಿಗೆ ಮಾಡಿದಾಗ ತಿಳಿಯಿತು, ಆತ ಫೋನು ಅಲ್ಲೇ ಬಿಟ್ಟು ಓಡಿದ್ದ. ಇನ್ನು ನಾನು ಮಾಡುವುದೇನೂ ಇರಲಿಲ್ಲ. ಹುಡುಗಿಯ ಪರೀಕ್ಷೆ ಉಳಿಸಲು ಹೋಗಿ ಆಕೆಯ ಅಪ್ಪನನ್ನು ಕೊಂದೆನಾ ಎಂದು ನಾನು ಅಂದು ಎಷ್ಟು ಸಲ ಕೇಳಿಕೊಂಡೆನೋ ನನಗೇ ತಿಳಿಯದು. ದೇವರ ಮೇಲೆ ನನಗೆ ಅಂಥ ಸಲಿಗೆ ಇಲ್ಲ. ಆದರೂ ಬೇಡಿಕೊಂಡೆ.

ಆತ ಬಂದ. ಮೈತುಂಬ ಸಿಮೆಂಟಿನ ಧೂಳು, ರೆಪ್ಪೆಯ ಮೇಲೂ ಧೂಳು, ಮೊಣಕೈ ಕೆತ್ತಿ ರಕ್ತ ಬಂದಿತ್ತು. ಗಾಡಿ ಓಡಿಸಿದವನು ಜೊತೆಗೆಲಸದವನು. ರೈಲ್ವೆ ಗೇಟಿನ ಹತ್ತಿರ ಜಾರಿ ಬಿದ್ದು ಎದ್ದು ಬಂದಿದ್ದರು. ಹೆಂಡತಿಯನ್ನು ನೋಡಿದ, ಗುಂಪನ್ನು ನೋಡಿದ. ಆಮೇಲೆ ನನ್ನ ಮುಂದೆ ಕೈ ಮುಗಿದು ನಿಂತ. ನನ್ನ ಮುಂದೆ, ಕೈ ಮುಗಿದು.

"ಯಾವ ದವಾಖಾನ್ಯಾಗ ಅದಾಳ್ರಿ ಟೀಚರ್? ಮಗಳ ಮಾರಿ ನೋಡ್ಲಿಕ್ಕರೆ ಸಿಗ್ತದೇನ್ರಿ?"

ರಸ್ತೆಯಲ್ಲಿ ಟಂಟಂನ ಸದ್ದು ಕೇಳಿಸಿತು. ನಾವು ಕಳಿಸಿದ ಶಿಕ್ಷಕರು ಮುಂದೆ ಮೋಟರ್‌ಸೈಕಲ್ ಮೇಲೆ ಒಂದು ಕೈ ಎತ್ತಿ ಬೀಸುತ್ತ ಬರುತ್ತಿದ್ದರು, ಹಿಂದೆ ಟಂಟಂ. ಮೊದಲು ಅಜ್ಜಿ ಇಳಿದಳು, ಕೋಲು ಊರುತ್ತ. ಆಮೇಲೆ ಹುಡುಗಿ ಇಳಿದಳು. ಶಾಲು ಹೊದ್ದಿದ್ದಳು, ಬಗಲಲ್ಲಿ ದವಾಖಾನೆಯ ಫೈಲು, ಕೈಯಲ್ಲಿ ಮೋಸಂಬಿಯ ಚೀಲ.

ಗುಂಪು ನೋಡಿ ಹುಡುಗಿಯ ಮುಖ ಬಿಳಿಚಿತು. ಊರೆಲ್ಲ ಕೂಡಿದೆ, ಅವ್ವ ನೆಲದ ಮೇಲೆ ಕುಳಿತಿದ್ದಾಳೆ. ಆಕೆ ಕಾರ್ಖಾನೆಗೆ ಹೋಗುವವನ ಮಗಳು, ಅಂಥ ಗುಂಪು ಕಂಡರೆ ಏನು ತಿಳಿಯಬೇಕೋ ಅದನ್ನೇ ತಿಳಿದಳು. "ಅಪ್ಪಾ!" ಎಂದು ಕಿರುಚಿ ಚೀಲ ಬಿಟ್ಟು ಓಡಿಬಂದಳು. ಧೂಳು ಮೆತ್ತಿದ ಅಪ್ಪ ಎದುರಿಗೇ ನಿಂತಿದ್ದರೂ ಒಂದು ಗಳಿಗೆ ಆಕೆಗೆ ಗುರುತು ಹತ್ತಲಿಲ್ಲ.

ತಾಯಿ ಏಳಲಿಲ್ಲ. ಏಳಲು ಆಕೆಗೆ ಆಗಲಿಲ್ಲ. ಹುಡುಗಿಯೇ ಬಂದು ಪಕ್ಕದಲ್ಲಿ ಕುಳಿತಳು. ತಾಯಿ ಬಹಳ ಹೊತ್ತು ಮಗಳ ಮುಖ ನೋಡಿದಳು. ಆಮೇಲೆ ಅಂಗೈಯನ್ನು ಸೀರೆಗೆ ಒರೆಸಿ ಮಗಳ ಹಣೆಯ ಮೇಲಿಟ್ಟಳು.

"ಜ್ವರ ಇಳದದೇನು?" ಎಂದು ಕೇಳಿದಳು.

ನಾನು ಗೋಡೆಯ ಕಡೆ ತಿರುಗಿ ಅತ್ತೆ. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಸುಖವಿತ್ತು. ಒಬ್ಬ ಮುದುಕ ಮಾತ್ರ ಹೋಗುವಾಗ, "ಕಲ್ತವ್ರಿಗಿ ನಾವೇನು ಹೇಳೋದದ," ಎಂದು ಎಲ್ಲರಿಗೂ ಕೇಳುವಂತೆ ಅಂದು ಹೋದ.

ನಾಲ್ಕಕ್ಕೆ ಹತ್ತು ನಿಮಿಷ ಉಳಿದಿತ್ತು. ತಂದೆ ಸ್ಟಾಫ್ ರೂಮಿನಲ್ಲಿ ಕುಳಿತು ಅರ್ಜಿಗೆ ಸಹಿ ಮಾಡಿದ, ಒಂದೊಂದೇ ಅಕ್ಷರ ಕೂಡಿಸಿ. ಕಾಗದದ ಮೇಲೆ ಬೆರಳಿನ ಧೂಳು ಮೂಡಿತು. ಡಾಕ್ಟರ ಚೀಟಿ ಹುಡುಗಿಯ ಫೈಲಿನಲ್ಲೇ ಇತ್ತು. ನಾನು ನನ್ನ ಬುದ್ಧಿ ಅಷ್ಟರಲ್ಲೂ ಬಿಡಲಿಲ್ಲ. ಫೋನ್ ತೆಗೆದು ಆತನ ಮೂರು ಹೆಬ್ಬೆಟ್ಟು ತೋರಿಸಿ, "ಮೂರು ಸಲ ಒಪ್ಪಿಗೆ ಕೊಟ್ಟೀರಲ್ಲ, ಒಂದು ಸಲನಾದರೂ ಓದಬಾರದಿತ್ತೇ?" ಎಂದೆ.

ಆತ ಫೋನನ್ನು ನನ್ನ ಕಡೆಗೇ ತಿರುಗಿಸಿದ. "ಪಾಳಿ ಮುಗಿಸಿ ಬಂದು ತಗದ್ರ ರಗಡ ಬಂದಿರ್ತಾವ್ರಿ. ಒಂದ್ ಹಬ್ಬದ್ದು, ಒಂದ್ ಫೋಟೋ, ಒಂದ್ ಬ್ಯಾಂಕಿಂದು. ಕಣ್ಣಾಗ ಧೂಳಿರ್ತದ. ಎಲ್ಲಾದಕೂ ಒತ್ತಿ ಮಲಗತೀನಿ. ಒತ್ತಲಿಲ್ಲಂದ್ರ ಮಗಳಿಗಿ ಬೈತೀರೇನೋ ಅಂತ."

ಮುಖ್ಯಗುರುಗಳು ಅರ್ಜಿಯ ಫೋಟೋ ತೆಗೆದು ಕಚೇರಿಗೆ ಕಳಿಸಿದರು. ಹೆಸರು ಉಳಿಯಿತು. ಅಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ಅಂಗಳ ತುಂಬಿದ ಜನರ ಫೋಟೋವನ್ನೂ ಅವರು ಯಾವಾಗಲೋ ತೆಗೆದಿದ್ದರು. ಪಾಲಕರ ಸಭೆಯ ವರದಿ ಬಾಕಿ ಇತ್ತು, ಅದಕ್ಕೆ ಅದನ್ನೇ ಹಚ್ಚಿದರು. ಮರುದಿನ ಕಚೇರಿಯಿಂದ ಮೆಚ್ಚುಗೆ ಬಂತು: ಸಮುದಾಯದ ಸಹಭಾಗಿತ್ವ ಉತ್ತಮವಾಗಿದೆ. ಮುಖ್ಯಗುರುಗಳು ಅದನ್ನು ನನಗೆ ತೋರಿಸಿದಾಗ ನಾನು ಅವರ ಮೇಜಿನ ಮೇಲಿದ್ದ ಗಾಜಿನ ಲೋಟ ಎತ್ತಿ ಕೆಳಗಿಟ್ಟ ರೀತಿಗೆ ಅವರು ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ಆಮೇಲೆ ಊರಿನಲ್ಲಿ ಒಂದು ಹೊಸ ರಿವಾಜು ಹುಟ್ಟಿತು. ಶಾಲೆಯಿಂದ ಏನಾದರೂ ಸಾರಬೇಕಾದರೆ ಪೂಜಾರಿ ಮುದುಕ ಮೈಕನ್ನು ನನ್ನ ಕೈಗೆ ಕೊಡುವುದಿಲ್ಲ. ತಾನೇ ಹಿಡಿದು, "ಇದು ಸಾಲಿ ಮಾತದ, ಯಾರೂ ಹೋಗಿಲ್ಲ, ಗಾಬರಿ ಆಗಬ್ಯಾಡ್ರಿ," ಎಂದು ಎರಡು ಸಲ ಹೇಳಿ, ಆಮೇಲೆ ವಿಷಯ ಹೇಳುತ್ತಾನೆ. ಹೊರಗಿನವರಿಗೆ ನಗು ಬರುತ್ತದೆ. ನನಗೆ ಬರುವುದಿಲ್ಲ. ಉಳಿದ ಮಾತಿಗೆ ನಾನೇ ನಡೆಯುತ್ತೇನೆ. ವಾರಕ್ಕೆರಡು ಸಂಜೆ ಓಣಿ ಸುತ್ತಿ, ಕಟ್ಟೆಯ ಮೇಲೆ ಕುಳಿತು, ಚಹಾ ಕುಡಿದು, ಹೇಳಬೇಕಾದದ್ದನ್ನು ಹೇಳಿ, ಕೊನೆಯ ಟಂಟಂ ಹಿಡಿಯುತ್ತೇನೆ. ಗಂಡಸರಿಗಲ್ಲ, ಹೆಂಗಸರಿಗೆ. ನನ್ನ ಮಂಡಿನೋವು ಹೆಚ್ಚಾಗಿದೆ, ಗ್ರೂಪಿನಲ್ಲಿ ಹೆಬ್ಬೆಟ್ಟು ಕಡಿಮೆಯಾಗಿವೆ.

ಆ ಒಂದು ಮನೆಗೂ ಹೋಗುತ್ತಿದ್ದೆ. ತಂದೆ ಮಾತಾಡುತ್ತಿದ್ದ, ಅಜ್ಜಿ ಮಾತಾಡುತ್ತಿದ್ದಳು. ತಾಯಿ ಚಹಾ ತಂದಿಟ್ಟು ಒಳಗೆ ಹೋಗುತ್ತಿದ್ದಳು. ಒಂದು ಮಾತೂ ಆಡಲಿಲ್ಲ. ನಾನು ಬಾಗಿಲಲ್ಲಿ ಕಂಡ ಕೂಡಲೇ ಆಕೆಯ ಕೈ ಎದೆಗೆ ಹೋಗುವುದು ನನಗೆ ಕಾಣುತ್ತಿತ್ತು. ಕಣ್ಣು ಮಗಳನ್ನು ಹುಡುಕುತ್ತಿತ್ತು. ಸಿಕ್ಕ ಮೇಲೆ ಕೈ ಕೆಳಗಿಳಿಯುತ್ತಿತ್ತು. ಹುಡುಗಿ ಮನೆಯಲ್ಲಿಲ್ಲದ ದಿನ ನಾನು ಆ ಓಣಿಗೆ ಹೋಗುವುದನ್ನೇ ಬಿಟ್ಟೆ.

ಬೇಸಿಗೆಯಲ್ಲಿ ಫಲಿತಾಂಶ ಬಂತು. ಮುಂಜಾನೆ ಹುಡುಗಿ ಶಾಲೆಗೇ ಬಂದಿದ್ದಳು. ನನ್ನ ಫೋನಿನಲ್ಲಿ ನೋಡಿದೆವು. ಪಾಸು, ಅದೂ ಒಳ್ಳೆಯ ಅಂಕ. ಗಣಿತದಲ್ಲಿ ಶಾಲೆಗೇ ಹೆಚ್ಚು. ಹುಡುಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಹೋಗು, ಅವ್ವಗ ಹೇಳು," ಎಂದೆ.

"ನೀವೂ ಬರ್ರಿ ಟೀಚರ್. ನಾ ಹೇಳಿದ್ರ ಅಕಿ ನಂಬಂಗಿಲ್ಲ."

ತಾಯಿ ಕೆರೆಯ ಹೂಳು ಎತ್ತುವ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗಿದ್ದಳು. ನಾವಿಬ್ಬರೂ ಬಿಸಿಲಲ್ಲಿ ನಡೆದೆವು. ಏರಿಯ ಮೇಲೆ ಹತ್ತಿದಾಗ ಕೆಳಗೆ ಒಣಗಿದ ಕೆರೆಯಲ್ಲಿ ಹೆಂಗಸರು ಬುಟ್ಟಿ ಹೊತ್ತು ಸಾಲಾಗಿ ಬರುತ್ತಿದ್ದರು. ಒಬ್ಬಳು ನನ್ನ ಛತ್ರಿ ಗುರುತಿಸಿ ನಿಂತಳು. ಆಕೆಯ ಹಿಂದಿನವಳು ನಿಂತಳು. ಸಾಲು ನಿಂತುಬಿಟ್ಟಿತು. ಅಷ್ಟು ದೂರದಿಂದಲೂ ನನಗೆ ಗೊತ್ತಾಯಿತು, ಆ ತಾಯಿ ಎಲ್ಲಿದ್ದಾಳೆ ಎಂದು.

ನಾನು ಹುಡುಗಿಯ ಬೆನ್ನ ಮೇಲೆ ಕೈಯಿಟ್ಟು ಮುಂದೆ ಮಾಡಿದೆ. "ನೀ ಮುಂದ ನಡಿ. ಅವ್ವಗ ಮೊದಲು ನೀ ಕಾಣಬೇಕು," ಎಂದೆ.

ಹುಡುಗಿ ಏರಿ ಇಳಿದು ಹೋದಳು. ನಾನು ಇಪ್ಪತ್ತು ಹೆಜ್ಜೆ ಹಿಂದೆ ಉಳಿದೆ. ತಾಯಿ ಬುಟ್ಟಿ ಕೆಳಗಿಟ್ಟು, ಮಗಳನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಆಕೆಯ ರಟ್ಟೆ ಗಟ್ಟಿಯಾಗಿ ಹಿಡಿದುಕೊಂಡಳು. ನಾನು ಹತ್ತಿರ ಬರುವವರೆಗೆ ಬಿಡಲಿಲ್ಲ. ಆಮೇಲೆ ಆ ದಿನದಿಂದ ಈಚೆಗೆ ಮೊದಲ ಸಲ ನನ್ನೊಡನೆ ಮಾತಾಡಿದಳು.

"ಟೀಚರ್, ಈಕಿ ಇಲ್ಲೇ ಅದಾಳ. ಈಗ ಏನಿದ್ರೂ ಹೇಳ್ರಿ."